ನಮ್ಮಲ್ಲೇ ತಯಾರ್

ಠಪ್. ಸ್ವಲ್ಪ ಬಿಟ್ಟು ಮತ್ತೆ ಠಪ್. ತಾಮ್ರದ ಪಟ್ಟಿಯ ಮೇಲೆ ಕಟ್ಟಿಗೆಯ ಸುತ್ತಿಗೆ ಬೀಳುವ ಸಪ್ಪಳ ಅದು. ಕಬ್ಬಿಣದ ಸುತ್ತಿಗೆಯಂತೆ ಕಿವಿಗೆ ಹೊಡೆಯುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ ಅನ್ನಿಸುವಷ್ಟು ಮೆತ್ತಗೆ ಇರುತ್ತಿತ್ತು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತನ್ನು ನೆನೆದರೆ ನನಗೆ ಮೊದಲು ಕೇಳುವುದು ಅದೇ.

ಜೇವರ್ಗಿ ದಾಟಿ ವಿಜಯಪುರದ ಕಡೆ ಹೋಗುವ ರಸ್ತೆಯ ಬದಿಗೆ ನಮ್ಮ ಶೆಡ್. ಅಲ್ಲಿ ನಾವು ವೆಲ್ಡಿಂಗ್ ಮಷೀನ್ ಮಾಡುತ್ತೇವೆ, ದಪ್ಪ ಪ್ಲೇಟ್ ಕತ್ತರಿಸುವ ಗ್ಯಾಸ್ ಕಟಿಂಗ್ ಗಾಡಿಗಳನ್ನೂ ಮಾಡುತ್ತೇವೆ. "ಮಾಡುತ್ತೇವೆ" ಅಂದರೆ ಜನ ನಂಬುವುದಿಲ್ಲ. ಟ್ರಾಕ್ಟರ್ ಟ್ರಾಲಿ ರಿಪೇರಿಗೆ ಬಂದವರು ಒಳಗೆ ಇಣುಕಿ, "ಅಮ್ಮಾರ, ಇವು ಎಲ್ಲಿಂದ ತರಸ್ತೀರಿ? ಪುಣೆದ್ದೋ, ಹೈದರಾಬಾದ್ದೋ?" ಅನ್ನುತ್ತಾರೆ. "ಇಲ್ಲೇ ಮಾಡ್ತೇವ್ರಿ" ಅಂದರೆ ನಗುತ್ತಾರೆ. ವಯಸ್ಸಾದ ಹೆಂಗಸು ಜೋಕ್ ಮಾಡಾಕತ್ತಾಳ ಅಂತ. To be frank, ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಆ ದಿನ ನಾನು ಹಲ್ಲು ತೋರಿಸಲು ಕಲಬುರಗಿಗೆ ಹೋಗಿದ್ದೆ. ದವಡೆ ಮರಗಟ್ಟಿದ ಸ್ಥಿತಿಯಲ್ಲೇ ಮರಳಿ ಶೆಡ್ಡಿಗೆ ಬಂದರೆ, ನಮ್ಮ ಮಿಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಮಷೀನು ಜೋಡಿಸುವ ಕೆಲಸವೆಲ್ಲ ಅವನದೇ. ಆಳಂದದವನು, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಉರ್ದು. ಮುಖ ಅರಳಿತ್ತು.

"ಅಮ್ಮಾರ, ಅಫಜಲಪುರ ಕಡಿ ಶುಗರ್ ಫ್ಯಾಕ್ಟ್ರಿ ಚೀಫ್ ಇಂಜಿನಿಯರ್ ಸಾಬ್ ಖುದ್ದ್ ಫೋನ್ ಮಾಡಿದ್ರು. ಆರು ವೆಲ್ಡಿಂಗ್ ಮಷೀನ್!"

"ಏನ್ ಕೇಳಿದ್ರು, ಸರಿಯಾಗಿ ಹೇಳು."

"ಅವರು ಮರಾಠಿ ಮಂದಿರಿ. 'ಮಷೀನ್ ತಯಾರ್ ಆಹೇತ ಕಾ' ಅಂದ್ರು. ನಾ ಅಂದೆ, ಹೌದ್ರಿ ಸಾಬ್, ಹಮಾರೆ ಇಧರೀಚ್ ತಯಾರ್."

ನನಗೂ ಖುಷಿಯೇ ಆಯಿತು. ಅಷ್ಟು ದೊಡ್ಡ ಫ್ಯಾಕ್ಟರಿ ನಮ್ಮನ್ನು ಕೇಳಿದ್ದು ಅದೇ ಮೊದಲು. ಮರಗಟ್ಟಿದ ಬಾಯಲ್ಲೇ ನಕ್ಕೆ. ಎಲ್ಲರಿಗೂ ಚಹಾ ತರಿಸಿದೆ.

ಮರುದಿನ ಬೆಳಿಗ್ಗೆ ನನ್ನ ಫೋನಿಗೆ ಚೀಫ್ ಸಾಹೇಬರ ಮೆಸೇಜ್ ಬಂತು. ಸೋಮವಾರ ಟ್ರಕ್ ಕಳಿಸುತ್ತೇವೆ, ಆರೂ ಮಷೀನ್ ಲೋಡ್ ಮಾಡಿ ಕೊಡಿ ಅಂತ.

ಅದನ್ನು ಓದಿದ ಕೂಡಲೇ ನನಗೆ ಹೊಳೆಯಿತು. ನಮ್ಮ ಕಡೆ ತಯಾರ್ ಅಂದರೆ ಮಾಡುವುದು. ರೊಟ್ಟಿಯನ್ನೂ ತಯಾರ್ ಮಾಡುತ್ತೇವೆ, ಮಷೀನನ್ನೂ ತಯಾರ್ ಮಾಡುತ್ತೇವೆ. ಮರಾಠಿ ಮಾತಾಡುವ ಅವರ ಕಿವಿಗೆ ತಯಾರ್ ಅಂದರೆ ರೆಡಿ. ಮಾಡಿ ಮುಗಿಸಿ ಗೋಡೆಗೆ ಸಾಲಾಗಿ ಇಟ್ಟದ್ದು. ಅವರು ರೆಡಿ ಇದೆಯೇ ಅಂದರು, ಇವನು ಇಲ್ಲೇ ಮಾಡುತ್ತೇವೆ ಅಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಯಾರಾದರೂ ಒಂದೇ ಪದದಲ್ಲಿ ಉತ್ತರ ಕೊಟ್ಟರೆ ಮೇಜು ತಟ್ಟಿ "ಫುಲ್ ಸೆಂಟೆನ್ಸ್, ಚೈಲ್ಡ್!" ಅನ್ನುತ್ತಿದ್ದರು. ಅವರನ್ನು ನಮ್ಮ ಮಿಸ್ತ್ರಿಯ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಬೇಕಿತ್ತು.

ಶೆಡ್ಡಿನಲ್ಲಿ ಆ ಹೊತ್ತು ಇದ್ದದ್ದು ಒಂದು ಮಷೀನಿನ ಅರ್ಧ ಸುತ್ತಿದ ಕಾಯಿಲ್, ಒಂದಿಷ್ಟು ಕಬ್ಬಿಣದ ತೆಳು ಪತ್ತಿ, ಮೂಲೆಯಲ್ಲಿ ತಾಮ್ರದ ಸುರುಳಿ. ಅಷ್ಟೇ.

ವೈಂಡಿಂಗ್ ಮಾಡುವ, ಅಂದರೆ ಕಾಯಿಲ್ ಸುತ್ತುವ ಹೆಂಗಸು ಸುತ್ತಿಗೆ ಕೆಳಗಿಟ್ಟು ಮಿಸ್ತ್ರಿಯ ಕಡೆ ತಿರುಗಿದಳು. ಜೇವರ್ಗಿಯ ಸೊಸೆ ಆಕೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. "ಮಿಸ್ತ್ರಿ ಅಣ್ಣಾ, ತಯಾರ್ ಅವಲ್ಲ? ತೋರಿಸು ನೋಡೋಣು. ಪಾಯಜಾಮಿ ಕಿಸೆದಾಗ ಇಟ್ಟಿಯೇನು?"

"ಸುಮ್ಕಿರು ಬೇ. ನನಗೇನ್ ಕನಸ ಬಿದ್ದಿತ್ತೇನು?"

"ನಿನಗ ಕನಸ ಬಿದ್ರೂ ಅದ್ರಾಗ ಫೋನ್ ಎತ್ತಬ್ಯಾಡ."

ಅವನು ಅಷ್ಟಕ್ಕೇ ಕೂರಲಿಲ್ಲ. ತನ್ನ ತಪ್ಪು ತಾನೇ ಸರಿ ಮಾಡಬೇಕು ಅಂತ, ನನಗೆ ಹೇಳದೆ ಒಬ್ಬ ಡೀಲರಿಗೆ ಫೋನ್ ಮಾಡಿಬಿಟ್ಟ. ಮಧ್ಯಾಹ್ನ ಆ ಡೀಲರ್ ನನಗೇ ಕರೆ ಮಾಡಿದ. ಮಾತು ಬೆಣ್ಣೆಯಂಥದು.

"ಮೇಡಂ, ಟೆನ್ಶನ್ ಎದಕ್ರಿ? ಹೊರದೇಶದ ಇನ್ವರ್ಟರ್ ವೆಲ್ಡಿಂಗ್ ಮಷೀನ್, ಹಗುರ ಡಬ್ಬಿ, ನನ್ನ ಗೋಡೌನಿನಾಗ ಬಿದ್ದಾವ. ಮ್ಯಾಲೆ ಹೆಸರೇ ಇಲ್ಲ, ಪ್ಲೇನ್ ಬಾಡಿ. ನಿಮ್ಮ ಸ್ಟಿಕ್ಕರ್ ಕಳಸ್ರಿ, ನಾನೇ ಹಚ್ಚಿ ಕೊಡ್ತೇನಿ. ಇವತ್ತ್ ಯಾರ್ರಿ ಮಾಡಾಕತ್ತಾರ? ಎಲ್ಲಾರೂ ಸ್ಟಿಕ್ಕರೇ ಹಚ್ಚಾಕತ್ತಾರ."

ಅವನು ಹೇಳಿದ್ದು ಖರೆ. ನನಗೆ ಗೊತ್ತಿದ್ದ ಹಳೆಯ ತಯಾರಕರು ಒಬ್ಬೊಬ್ಬರಾಗಿ ಹಾಗೇ ಆದರು. ಬೋರ್ಡಿನ ಮೇಲೆ ಮ್ಯಾನುಫ್ಯಾಕ್ಚರರ್ ಅಂತ ಉಳಿಯಿತು, ಒಳಗೆ ರಟ್ಟಿನ ಡಬ್ಬಿಗಳ ಗೋಡೆ ಎದ್ದಿತು. ಯಾರೂ ಒಂದೇ ದಿನ ನಿರ್ಧಾರ ಮಾಡಿ ಬಿಟ್ಟದ್ದಲ್ಲ. ಒಂದು ಅರ್ಜೆಂಟ್ ಆರ್ಡರ್, ಇದೊಂದು ಸಲ ಅಂತ. ಆಮೇಲೆ ವೈಂಡಿಂಗ್ ಮಾಡುವವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಆಮೇಲೆ ಬೇಕೆಂದರೂ ಮಾಡಲು ಬರಲಿಲ್ಲ.

ಮಿಸ್ತ್ರಿ ಕೈ ಜೋಡಿಸಿ ನಿಂತ. "ಇದೊಂದ್ ಸಲ, ಅಮ್ಮಾರ. ಫ್ಯಾಕ್ಟ್ರಿ ಹೋತಂದ್ರ ಮತ್ತ ಸಿಗಂಗಿಲ್ಲ. ನನ್ನ ಇಜ್ಜತ್ ಸವಾಲ್ ಅದ."

ನನ್ನದೂ ಮಾನದ ಪ್ರಶ್ನೆಯೇ. ಆರ್ಡರ್ ಬೇಡವೆಂದಲ್ಲ, ತುಂಬಾ ಬೇಕಿತ್ತು. ಆದರೆ ಆ ಸ್ಟಿಕ್ಕರಿನಲ್ಲಿ ಇದ್ದದ್ದು ಜೇವರ್ಗಿ ಅನ್ನುವ ಹೆಸರು. ಅದನ್ನು ನಾವು ಒಮ್ಮೆಯೂ ನೋಡದ ಡಬ್ಬಿಯ ಮೇಲೆ, ಇನ್ನೊಬ್ಬನ ಗೋಡೌನಿನಲ್ಲಿ, ಯಾರೋ ಹಚ್ಚುವುದು ಅಂದರೆ... ನನಗೆ ಆಗಲಿಲ್ಲ. ಅಷ್ಟೇ ಹೇಳಬಲ್ಲೆ. ಡೀಲರಿಗೆ "ನೋ, ಥ್ಯಾಂಕ್ಯೂ" ಅಂದೆ. ಚೀಫ್ ಸಾಹೇಬರ ನಂಬರ್ ಒತ್ತಿದೆ.

ಫುಲ್ ಸೆಂಟೆನ್ಸಿನಲ್ಲೇ ಹೇಳಿದೆ. "ಸರ್, ನಮ್ಮಲ್ಲಿ ಒಂದೂ ಮಷೀನ್ ರೆಡಿ ಇಲ್ಲ. ಮಷೀನ್ ನಾವೇ ಮಾಡುತ್ತೇವೆ ಅಂತ ನಮ್ಮ ಮನುಷ್ಯ ಹೇಳಿದ್ದು. ಟ್ರಕ್ ಕಳಿಸಬೇಡಿ. ನೀವೇ ಬನ್ನಿ. ಹೇಗೆ ಮಾಡ್ತೇವಿ ನೋಡಿ. ಆಮೇಲೆ ಬೇಕೋ ಬೇಡವೋ ಹೇಳಿ."

ಆ ಕಡೆಯಿಂದ ಮರಾಠಿಯಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಸರಿಯಾಗಿ ಬೈಸಿಕೊಂಡೆ. ಕಬ್ಬು ಅರೆಯುವ ಸೀಸನ್ ತಲೆಯ ಮೇಲೆ ಇದೆ, ಇದೇನು ಮಕ್ಕಳಾಟವೇ ಅಂದರು. ಫೋನ್ ಇಟ್ಟರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

"ಬರ್ತಾರ" ಅಂದಳು ವೈಂಡಿಂಗಿನವಳು. "ಬೇಡಾದವ್ರು ಇಷ್ಟ್ ಬೈಯಂಗಿಲ್ರೀ ಅಕ್ಕಾರ." ಸುತ್ತಿಗೆ ಕೈಗೆತ್ತಿಕೊಂಡಳು.

ಅವರು ಬರುವಷ್ಟರಲ್ಲಿ ಒಂದಾದರೂ ಮಷೀನ್ ಎದ್ದು ನಿಲ್ಲಬೇಕಿತ್ತು. ಈ ಕೆಲಸದಲ್ಲಿ ಯಾವುದನ್ನು ಬೇಗ ಮಾಡಬಹುದು, ಯಾವುದನ್ನು ಮಾಡಬಾರದು ಅನ್ನುವುದೇ ವಿದ್ಯೆ. ಕಾಗದ ಸುತ್ತಿದ ತಾಮ್ರದ ಪಟ್ಟಿಯನ್ನು ಕಟ್ಟಿಗೆಯ ಅಚ್ಚಿನ ಮೇಲೆ ಕೈಯಿಂದ ತಿರುಗಿಸಿ ಸುತ್ತಬೇಕು. ಪ್ರತಿ ಮೂಲೆಯಲ್ಲೂ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು. ಜೋರಾಗಿ ಬಡಿದರೆ ಕಾಗದ ಹರಿಯುತ್ತದೆ, ಮೆತ್ತಗಾದರೆ ಕಾಯಿಲ್ ಉಬ್ಬಿ ಕಬ್ಬಿಣದ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲ. ಸುತ್ತಿದ ಕಾಯಿಲನ್ನು ವಾರ್ನಿಷಿನಲ್ಲಿ ಅದ್ದಿ, ಸೋರಿಸಿ, ಓವನ್ನಿನಲ್ಲಿ ಒಣಗಿಸಬೇಕು. ಇದಕ್ಕೆ ಅವಸರ ನಡೆಯುವುದಿಲ್ಲ. ಒಳಗೆ ಹಸಿ ಉಳಿದರೆ ಮೇಲೆ ಎಷ್ಟು ಹೊಳೆದರೂ ಒಂದು ದಿನ ಸುಡುತ್ತದೆ. ಇನ್ನೊಂದು ಕಡೆ ಮಿಸ್ತ್ರಿ ಕಬ್ಬಿಣದ ತೆಳು ಪತ್ತಿಗಳನ್ನು ಇಸ್ಪೀಟ್ ಎಲೆಯಂತೆ ಒಂದರ ಸಂದಿನಲ್ಲಿ ಒಂದು ಸೇರಿಸುತ್ತಾ ಕೂತ. ಕೆಳಗಿನ ದಪ್ಪ ಪ್ಲೇಟನ್ನು ನಮ್ಮದೇ ಕಟಿಂಗ್ ಗಾಡಿಯಿಂದ ಕತ್ತರಿಸಿದೆವು. ಪುಟ್ಟ ಹಳಿಯ ಮೇಲೆ ಅದು ತಾನೇ ಓಡುತ್ತದೆ, ಮುಂದೆ ಗ್ಯಾಸಿನ ಉರಿ ಕಟ್ಟಿಕೊಂಡು, ಸ್ಕೇಲ್ ಹಿಡಿದು ಗೆರೆ ಹಾಕಿದಂತೆ.

ನಡುವೆ ಕರೆಂಟ್ ಹೋಯಿತು. ಓವನ್ ಆರಿತು. ಮತ್ತೆ ಬಂದಾಗ ಮಿಸ್ತ್ರಿ, "ಆಗೇದ್ರಿ, ಮುಟ್ಟಿದ್ರ ಅಂಟಂಗಿಲ್ಲ" ಅಂದ. ಕಾಯಿಲಿಗೆ ಮೆಗ್ಗರ್ ಹಚ್ಚಿ ನೋಡಿದೆ. ಒಳಗೆ ಕರೆಂಟ್ ಸೋರುತ್ತದೋ ಇಲ್ಲವೋ ಅಂತ ತೋರಿಸುವ ಮೀಟರ್ ಅದು. ಮುಳ್ಳು ಅರ್ಧಕ್ಕೆ ನಿಂತಿತು, ಒಳಗೆ ಇನ್ನೂ ಹಸಿ ಇತ್ತು. "ಮತ್ತೆ ಓವನ್ನಿಗೆ" ಅಂದೆ. ಅವನು ನನ್ನ ಮುಖ ನೋಡಿದ, ಎತ್ತಿ ಇಟ್ಟ. ಎರಡನೇ ಸಲ ಮುಳ್ಳು ಪೂರ್ತಿ ಹೋಯಿತು.

ಮಷೀನಿಗೆ ಬಣ್ಣ ಇನ್ನೂ ಬಳಿದಿರಲಿಲ್ಲ. ಅಷ್ಟರಲ್ಲಿ ಚೀಫ್ ಸಾಹೇಬರ ಜೀಪು ಬಂದೇಬಿಟ್ಟಿತು.

ಎತ್ತರದ ಮನುಷ್ಯ, ದಪ್ಪ ಮೀಸೆ, ಚಹಾ ಬೇಡ ಅಂದರು. ಶೆಡ್ಡಿನ ಮೂಲೆಮೂಲೆಗೂ ಕಣ್ಣು ಹಾಯಿಸಿದರು. ರಟ್ಟಿನ ಡಬ್ಬಿ ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಆಮೇಲೆ ಎದುರು ನಿಂತು ಕೇಳಿದರು: "ಮೇಡಂ, ಖರೆ ಹೇಳ್ರಿ. ಇದು ಅಸಲಿಗೆ ಎಲ್ಲಿ ಆಗ್ತದ?"

"ಪತ್ತಿ ಹೊರಗಿಂದ ಬರ್ತದ. ತಾಮ್ರ ಹೊರಗಿಂದ. ಫ್ಯಾನ್ ಹೊರಗಿಂದ. ಅವೆಲ್ಲ ಕೂಡಿ ಮಷೀನ್ ಆಗೋದು ಇಲ್ಲಿ" ಅಂದೆ.

"ಹೋದ ಸೀಸನ್ ಒಬ್ಬಂವ ಹಿಂಗೇ ಅಂದಿದ್ದ. ಸುಟ್ಟ ಮ್ಯಾಲೆ ಬಿಚ್ಚಿದ್ರ, ಒಳಗ ನಮಗ ಓದಾಕ ಬರದ ಅಕ್ಷರ."

ಅವರ ಕಷ್ಟ ಬೇರೆ ರೀತಿಯದು. ಕಬ್ಬು ಅರೆಯುವ ದೊಡ್ಡ ರೋಲರುಗಳು ಓಡಿ ಓಡಿ ನುಣ್ಣಗಾಗುತ್ತವೆ, ಕಬ್ಬು ಜಾರುತ್ತದೆ. ಆಗ ಗಿರಣಿ ನಿಲ್ಲಿಸದೆ, ತಿರುಗುತ್ತಿರುವ ರೋಲರಿನ ಹಲ್ಲಿಗೇ ವೆಲ್ಡಿಂಗಿನ ಹನಿ ಇಡುತ್ತಾ ಹೋಗಬೇಕು. ಮಷೀನಿಗೆ ಉಸಿರು ಬಿಡುವಷ್ಟೂ ವೇಳೆ ಸಿಗುವುದಿಲ್ಲ. ಹಗುರ ಡಬ್ಬಿಗಳು ಕಾಯ್ದು ಬಂದ್ ಆಗುತ್ತವೆ, ಇಲ್ಲವೇ ಸುಡುತ್ತವೆ.

"ಲೋಡ್ ಟೆಸ್ಟ್ ಮಾಡಿ ತೋರಸ್ರಿ" ಅಂದರು.

ನಮ್ಮಲ್ಲಿ ದೊಡ್ಡ ಲ್ಯಾಬೊರೇಟರಿ ಇಲ್ಲ. ಒಂದು ಬ್ಯಾರೆಲ್, ಅದರಲ್ಲಿ ಉಪ್ಪುನೀರು, ಎರಡು ಕಬ್ಬಿಣದ ತಗಡು. ತಗಡುಗಳನ್ನು ಮಷೀನಿನ ಎರಡು ಕೇಬಲ್ಲಿಗೆ ಕಟ್ಟಿ ನೀರಿಗೆ ಇಳಿಸುತ್ತೇವೆ. ಎಷ್ಟು ಆಳಕ್ಕೆ ಇಳಿಸಿದರೆ ಅಷ್ಟು ಕರೆಂಟ್ ಎಳೆಯುತ್ತದೆ. ವೈಂಡಿಂಗಿನವಳು ಮತ್ತೊಂದು ಹಿಡಿ ಉಪ್ಪು ಹಾಕಿದಾಗ ಸಾಹೇಬರ ಮೀಸೆ ಅಲುಗಿತು.

"ಇದೇನ್ರಿ, ಉಪ್ಪಿನಕಾಯಿ ಹಾಕಾಕತ್ತೀರೇನು?"

"ನಿಂಬಿಹಣ್ಣ ಇದ್ರ ಕೊಡ್ರಿ ಸಾಹೇಬ್ರ, ಹಾಕ್ತೇನಿ" ಅಂದಳು ಆಕೆ.

ಮಷೀನ್ ಚಾಲೂ ಆಯಿತು. ಬ್ಯಾರೆಲ್ಲಿನ ನೀರು ಕುದಿಯತೊಡಗಿತು. ಸಾಹೇಬರು ತಾವೇ ಮಷೀನಿಗೆ ಥರ್ಮಾಮೀಟರ್ ಹಿಡಿದು ಕೂತರು. ಮೊದಲ ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಮೂಗಿಗೆ ಸಣ್ಣಗೆ ವಾಸನೆ ಬಂತು, ಬೆಚ್ಚಗಾದ ವಾರ್ನಿಷಿನದು. ಸಾಹೇಬರಿಗೂ ಬಂತು. ಕೇಬಲ್ ಕಟ್ಟುವ ಟರ್ಮಿನಲ್ ಹತ್ತಿರ ಬಿಸಿ ಏರುತ್ತಿತ್ತು, ಉಳಿದ ಕಡೆಗಿಂತ ಬಹಳ ಜಾಸ್ತಿ.

ಮಿಸ್ತ್ರಿ ನನ್ನ ಕಿವಿಯ ಹತ್ತಿರ ಬಂದು, "ಬಣ್ಣ ಬಳಿಯೂದು ಅದ ಅಂತ ಹೇಳಿ ಬಂದ್ ಮಾಡೋಣ್ರಿ. ಅವ್ರು ಹೋದ ಮ್ಯಾಲೆ ನೋಡೋಣು" ಅಂದ.

ನಾನು ಸ್ವಿಚ್ ಆಫ್ ಮಾಡಿದೆ. "ಬಿಚ್ಚು" ಅಂದೆ. "ಅವರ ಮುಂದೇ ಬಿಚ್ಚು."

ಮಿಸ್ತ್ರಿ ಪಕ್ಕದ ತಗಡು ತೆಗೆದ, ಟರ್ಮಿನಲ್ ಸಡಿಲಿಸಿದ. ಕಾಯಿಲಿನ ತುದಿಗೆ ತಾಮ್ರದ ದಪ್ಪ ಬಿಲ್ಲೆಯನ್ನು ಬ್ರೇಜಿಂಗ್ ಮಾಡಿ, ಅಂದರೆ ಸಂದಿಗೆ ಹಿತ್ತಾಳೆ ಕರಗಿಸಿ ಇಳಿಸಿ, ಕೂಡಿಸಿರುತ್ತೇವೆ. ಆ ಕೂಡಿದ ಜಾಗ ನೀಲಿಗಪ್ಪು ತಿರುಗಿತ್ತು. ಗರಗಸದಿಂದ ಕೊಯ್ದು ನೋಡಿದರೆ ಮೇಲೆ ಮಾತ್ರ ಹೊಳಪು, ಒಳಗೆ ಕರಗಿದ ಹಿತ್ತಾಳೆ ಇಳಿದೇ ಇರಲಿಲ್ಲ. ಅವಸರದಲ್ಲಿ ಉರಿ ಸಾಲದೆ ಹೋಗಿತ್ತು.

"ನಂದೇ ಗಲತಿ, ಸಾಬ್" ಅಂದ ಮಿಸ್ತ್ರಿ.

ಸಾಹೇಬರು ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಈಗ ಜೀಪಿಗೆ ಹೋಗುತ್ತಾರೆ ಅಂದುಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಒಂದು ತಾನಾಗಿ ನಾಲಿಗೆಗೆ ಬಂತು. ಹಿಂದೆಯೇ ಮನೆಯ ದೇವರೂ ನೆನಪಾದ. ಎರಡೂ ಕಡೆ ಅರ್ಜಿ ಹಾಕಿದೆ.

"ಆ ಡಬ್ಬಿ ಸುಟ್ಟಾಗ ಡೀಲರಿನ್ನ ಕರೆಸಿದ್ದೆ" ಅಂದರು ಅವರು, ನಮ್ಮತ್ತ ನೋಡದೆ. "ಅಂವ ಸ್ಕ್ರೂ ಸೈತ ಮುಟ್ಟಲಿಲ್ಲ. ಒಗೀರಿ, ಹೊಸಾದು ತೊಗೋರಿ ಅಂದ." ತುಂಡನ್ನು ಮಿಸ್ತ್ರಿಯ ಕೈಗೆ ಕೊಟ್ಟರು. "ಹಾಂ, ಮಾಡ್ರಿ ಮತ್ತ. ನಾ ಕೂಡ್ತೇನಿ. ಚಹಾ ತರಸ್ರಿ ಈಗ."

ಚಹಾ ಬಂತು. ಊಟದ ಹೊತ್ತಾಯಿತು. ವೈಂಡಿಂಗಿನವಳು ತನ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅವರ ಮುಂದೆ ಇಟ್ಟಳು. "ನಮ್ಮಲ್ಲೇ ತಯಾರ್ ರೀ ಸಾಹೇಬ್ರ. ಈ ಸಲ ರೆಡೀನೂ ಅವ" ಅಂದಳು. ಫೋನಿನ ಕಥೆಯನ್ನು ಪೂರ್ತಿ ಹೇಳಿಸಿಕೊಂಡು ಸಾಹೇಬರು ರೊಟ್ಟಿ ಕೈಯಲ್ಲಿ ಹಿಡಿದೇ ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಮಿಸ್ತ್ರಿ ಮಾತ್ರ ಊಟಕ್ಕೆ ಏಳಲಿಲ್ಲ. ಕನ್ನಡಕ ಹಾಕಿಕೊಂಡು ಉರಿಯ ಮುಂದೆ ಬಾಗಿದ್ದ. ಈ ಸಲ ತಾಮ್ರ ಎರಡೂ ಕಡೆ ಸಮನಾಗಿ ಕೆಂಪಾಗುವ ತನಕ ಕಾದ. ಆಮೇಲೆ ಕಡ್ಡಿ ತಾಗಿಸಿದ. ಹಿತ್ತಾಳೆ ನೀರಿನಂತೆ ಸಂದಿಗೆ ಎಳೆದುಕೊಂಡು ಹೋಗುವುದು ನಮಗೆಲ್ಲ ಕಾಣಿಸಿತು.

ಮತ್ತೆ ಉಪ್ಪುನೀರು, ಮತ್ತೆ ಚಾಲೂ. ಬ್ಯಾರೆಲ್ ಕುದಿಯಿತು, ಕುದಿದಂತೆ ತಣ್ಣೀರು ಹಾಕುತ್ತಾ ಹೋದೆವು. ಹೊರಗೆ ಬಿಸಿಲು ಇಳಿಯುವವರೆಗೂ ಸಾಹೇಬರು ಏಳಲಿಲ್ಲ. ಥರ್ಮಾಮೀಟರ್ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಂತಿತು. ಅವರು ತಟ್ಟಿ ನೋಡಿದರು, ಕೆಟ್ಟಿದೆಯೇನೋ ಅಂತ. ಕೆಟ್ಟಿರಲಿಲ್ಲ.

ಎದ್ದು ನಿಂತು ಸೊಂಟ ಹಿಡಿದುಕೊಂಡರು. "ಟ್ರಕ್ ಕಳಸಂಗಿಲ್ಲ. ಒಂದೊಂದು ಆದಂಗ ಆದಂಗ ಟೆಂಪೋದಾಗ ಹಾಕಿ ಕಳಸ್ರಿ. ಒಂದನ್ನೂ ಅವಸರ ಮಾಡಬ್ಯಾಡ್ರಿ." ಬಾಗಿಲ ಹತ್ತಿರ ಹೋದವರು ಕೆಳಗೆ ಬಿದ್ದಿದ್ದ ಪ್ಲೇಟಿನ ಅಂಚನ್ನು ಬೂಟಿನಿಂದ ತೋರಿಸಿದರು. "ಇದನ್ನ ಎದರಲೇ ಕೊಯ್ದೀರಿ?"

ಕಟಿಂಗ್ ಗಾಡಿ ತೋರಿಸಿದೆ.

"ಅದೂ ಒಂದಿರಲಿ, ಮಾವಶಿ" ಅಂದರು. ಮೇಡಂ ಹೋಗಿ ಮಾವಶಿ ಆದದ್ದು ಆವಾಗಲೇ. ಮರಾಠಿಯಲ್ಲಿ ಅವ್ವನ ತಂಗಿ ಅಂತ ಅರ್ಥ.

ಜೀಪು ಹೋದ ಮೇಲೆ ಮಿಸ್ತ್ರಿ ಬಂದು ನನ್ನ ಎದುರು ನಿಂತ. ಏನೋ ಹೇಳಬೇಕೆಂದು ಬಾಯಿ ತೆರೆದ. "ಫುಲ್ ಸೆಂಟೆನ್ಸ್" ಅಂದೆ. ನಕ್ಕುಬಿಟ್ಟ, ಕಣ್ಣೊರೆಸಿಕೊಂಡ, ಹೋಗಿ ತಣ್ಣಗಾದ ರೊಟ್ಟಿ ತಿಂದ.

ಮಷೀನುಗಳು ಒಂದೊಂದಾಗಿ ಹೋದವು. ಕೊನೆಯದು ಹೋಗುವಾಗ ಗಿರಣಿ ಆಗಲೇ ಶುರುವಾಗಿತ್ತು. ನಾನೂ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು ಹೊರಟೆ. ಮಗಳು ಫೋನಿನಲ್ಲಿ, "ಮಮ್ಮೀ, ಈ ವಯಸ್ಸಿನಾಗ?" ಅಂದಳು. ಎಗ್ಸಾಕ್ಟ್‌ಲಿ, ಈ ವಯಸ್ಸಿನಲ್ಲೇ ಹೋಗಬೇಕು ಅಂದೆ. ಚೌಡಾಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಬಿದ್ದೆವು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಸ್ತಾದ. ನನಗೇನೂ ಅವಸರ ಇರಲಿಲ್ಲ. ಹಿಂದೆ ತಾಡಪಾಲಿನ ಕೆಳಗೆ ನಮ್ಮ ಮಷೀನ್ ಇತ್ತು. ಅದರ ಹಣೆಯ ಮೇಲೆ ಹಿತ್ತಾಳೆಯ ಪಟ್ಟಿಯಲ್ಲಿ ಜೇವರ್ಗಿ ಅಂತ ಕೊರೆಸಿದ್ದೆ. ಸ್ಟಿಕ್ಕರ್ ಹಚ್ಚುವುದನ್ನು ಆ ಆರ್ಡರಿನಿಂದಲೇ ಬಿಟ್ಟೆವು.

ಫ್ಯಾಕ್ಟರಿಯಲ್ಲಿ ಕಬ್ಬಿನ ಹಾಲಿನ ಸಿಹಿ ವಾಸನೆ, ಆವಿ, ಕಿವಿ ತುಂಬುವ ಗದ್ದಲ. ಗಿರಣಿಯ ಕಟ್ಟೆಯ ಮೇಲೆ ಹತ್ತಲು ನನಗೆ ಬಿಡಲಿಲ್ಲ. ಕೆಳಗೆ ಕಂಬಿಯ ಈಚೆ ನಿಂತೆ. ಮೇಲೆ ತಿರುಗುವ ರೋಲರಿನ ಮುಂದೆ ಒಬ್ಬ ವೆಲ್ಡರ್ ಬಾಗಿ ಕೂತಿದ್ದ, ಕಿಡಿಗಳು ಹಾರುತ್ತಿದ್ದವು. ಅವನ ಬೆನ್ನ ಹಿಂದೆ ನಮ್ಮ ಮೊದಲ ಮಷೀನ್, ಆ ದಿನ ಬಿಚ್ಚಿದ್ದು. ಅದರ ಪಕ್ಕ ಚೀಫ್ ಸಾಹೇಬರು.

ಅವರು ನನ್ನನ್ನು ಕಂಡರು. ಬಾಯಿ ಆಡಿಸಿದರು, ಒಂದೂ ಕೇಳಲಿಲ್ಲ. ಕೇಳಿಸದು ಅಂತ ಕೈ ಆಡಿಸಿದೆ. ಮುಂದಿನ ಸೀಸನ್ನಿಗೆ ಅವರು ಕೊಲ್ಹಾಪುರದ ಕಡೆಯ ಬೇರೆ ಫ್ಯಾಕ್ಟರಿಗೆ ಹೋದರು, ಮತ್ತೆ ಭೇಟಿಯಾಗಲಿಲ್ಲ. ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ, ಕಿಡಿಗಳ ಬೆಳಕಿನಲ್ಲಿ. ಕೈಗವಸು ತೆಗೆದರು. ಓಡುತ್ತಿರುವ ಮಷೀನಿನ ನೆತ್ತಿಯ ಮೇಲೆ ಬರಿಯ ಅಂಗೈ ಇಟ್ಟರು, ಕೂಸಿಗೆ ಜ್ವರ ಇದೆಯೇನೋ ಅಂತ ನೋಡುವವರ ಹಾಗೆ. ನನ್ನ ಕಡೆ ನೋಡುತ್ತಾ ಹಾಗೇ ನಿಂತರು. ನಾನು ತಿರುಗಿ ಟೆಂಪೋದ ಕಡೆ ಹೊರಡುವ ತನಕವೂ ಆ ಕೈಯನ್ನು ಎತ್ತಲಿಲ್ಲ.